ಹಚ್ಚಿಟ್ಟ ಮೇಣದಬತ್ತಿ

ತಂಗಿಯ ಮಗನಿಗೆ ಜ್ವರ. ನಿನ್ನೆ ರಾತ್ರಿಯೆಲ್ಲ ಮಕ್ಕಳ ವಾರ್ಡಿನ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೈಯಲ್ಲಿ ಮಗುವಿನ ಒಂದೇ ಒಂದು ಸಾಕ್ಸ್.

ದೇವರಿದ್ದರೆ ಇದೆಲ್ಲ ಯಾಕೆ? ಹಳೇ ಪ್ರಶ್ನೆ, ಗೊತ್ತು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಅದಕ್ಕೇ ಕೆಡುಕು ಅಂತಾರೆ. ಕೊಲೆ, ಮೋಸಕ್ಕಾದರೆ ಈ ಉತ್ತರ ಹೇಗೋ ಸರಿಹೋಗುತ್ತದೆ. ಜ್ವರಕ್ಕೆ? ಭೂಕಂಪಕ್ಕೆ? 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನ ಚರ್ಚುಗಳು ತುಂಬಿದ್ದ ಹೊತ್ತಿಗೇ ನೆಲ ನಡುಗಿತು. ಪ್ರಾರ್ಥನೆಗೆ ಹಚ್ಚಿಟ್ಟ ಮೇಣದಬತ್ತಿಗಳಿಂದಲೂ ಬೆಂಕಿ ಹತ್ತಿಕೊಂಡಿತು. ಸಾಲದ್ದಕ್ಕೆ ಸಮುದ್ರವೂ ನುಗ್ಗಿತು. ದೇವರು ಸೃಷ್ಟಿಸಬಹುದಾಗಿದ್ದ ಜಗತ್ತುಗಳಲ್ಲೆಲ್ಲ ಒಳ್ಳೇದು ಇದೇ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ವಾದಿಸಿ ಆಗಿನ್ನೂ ಐವತ್ತು ವರ್ಷವೂ ಆಗಿರಲಿಲ್ಲ. ಫ್ರೆಂಚ್ ಲೇಖಕ ವೋಲ್ಟೇರ್ ಸುಮ್ನೆ ಇರ್ತಾನಾ? ಆ ವಾದದ ಮೇಲೆ ಕೆಂಡವಾದ.

"ನಮಗೆ ಕಾಣದ ಕಾರಣ ಏನೋ ಇರಬಹುದು" ಅಂದುಬಿಟ್ಟರೆ ವಾದದಲ್ಲಿ ದೇವರು ಉಳಿದುಕೊಳ್ಳುತ್ತಾನೆ. ಅದು ಸುಳ್ಳು ಅಂತ ಸಾಬೀತು ಮಾಡೋಕೂ ಆಗಲ್ಲ. ಆದರೆ ಆ ಸಾಕ್ಸ್ ಹಿಡಿದವರ ಮುಂದೆ ಹೇಳೋ ಮಾತಾ ಅದು?

ಬೆಳಗ್ಗೆ ನಾನು ಎದ್ದಾಗ ಅವರೇ, "ನಮ್ಮ ಮಗೂಗೂ ಒಂದು ಸಲ ಬೇಡಿಕೊಳ್ಳಿ" ಅಂದರು.

ಹೂಂ ಅಂದೆ.