ಹೊಳೆಗೆ ಜಾಗ ಬಿಟ್ಟವರ ಊರಿನಲ್ಲಿ

ಬೆರ್ಗ್ಸೆ ಮಾಸ್ ನದಿ ದಾಟಿಸುವ ದೋಣಿಗೆ ಟಿಕೆಟ್ ಇಲ್ಲ. ಕಾರು ಹತ್ತಲಿ, ಸೈಕಲ್ ಹತ್ತಲಿ, ಯಾರೂ ಕಾಸು ಕೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಕಾರು ನಿಲ್ಲಿಸಿದ್ದಕ್ಕೂ ಯೂರೋ ತೆತ್ತು ಬಂದವನಿಗೆ ಇದು ನಂಬುವ ಮಾತಾಗಿರಲಿಲ್ಲ. ಕಾರಣ ಹಳೆಯದು. ಇದು ತಾನಾಗಿ ಹರಿದ ನದಿಯಲ್ಲ, ತೋಡಿದ ನದಿ. ಮಾಸ್ ಅನ್ನುವ ದೊಡ್ಡ ನದಿಯ ನೀರನ್ನು ಬೇಗ ಸಮುದ್ರದ ಕಡೆಗೆ ಸಾಗಿಸಲು ಸರ್ಕಾರ ಅಗೆಸಿ 1904ರಲ್ಲಿ ಮುಗಿಸಿತು. ಇತ್ತಲಿನ ಊರಿಗೂ ಅತ್ತಲಿನ ಊರಿಗೂ ಇದ್ದ ದಾರಿ ಕಡಿದುಹೋಯಿತು. ಅದಕ್ಕೆ ಬದಲಾಗಿ ಪುಕ್ಕಟೆ ದೋಣಿ ಓಡಿಸುತ್ತೇವೆ ಅಂತ ಮಾತು ಕೊಟ್ಟರು. ಇವತ್ತಿಗೂ ಮೂರು ಕಡೆ ಓಡುತ್ತಿದೆ.

ನಮಗೆ ಆ ದಡದಲ್ಲಿ ಕೆಲಸವೇನೂ ಇರಲಿಲ್ಲ. ಸುಮ್ನೆ ಹೋಗಿ ವಾಪಸ್ ಬಂದೆವು. "ಅಣ್ಣಾ, ಹಾಲೆಂಡಿಗೆ ಬಂದವರು ಟುಲಿಪ್ ನೋಡ್ತಾರೆ. ನೀನು ಬಿಟ್ಟಿ ದೋಣಿ, ಆಮೇಲೆ ಕೊಟ್ಟಿಗೆ!" ಅಂತ ತಂಗಿ ರೇಗಿಸಿದಳು. ಅವಳು ಮತ್ತು ಭಾವ ಐಂಡ್‌ಹೋವನ್‌ನಲ್ಲಿದ್ದಾರೆ. ಕಾರು ಓಡಿಸಿದ್ದು ಭಾವ.

ನಾನು ನೋಡಬೇಕೆಂದಿದ್ದು ಈ ನದಿಯ ದಕ್ಷಿಣ ದಡದ ಓವರ್‌ಡೀಪ್ಸೆ ಪೋಲ್ಡರ್. ಸುತ್ತ ಏರಿ ಹಾಕಿ, ನೀರು ಹೊರಹಾಕಿ, ಉಳುಮೆಗೆ ತಂದ ನೆಲಕ್ಕೆ ಅಲ್ಲಿ ಪೋಲ್ಡರ್ ಅನ್ನುತ್ತಾರೆ. ಇದು ಸುಮಾರು 550 ಹೆಕ್ಟೇರ್. ಹುಲ್ಲುಗಾವಲು, ದನಕ್ಕೆ ಹಾಕುವ ಮೆಕ್ಕೆಜೋಳ, ಮತ್ತೆ ಹುಲ್ಲುಗಾವಲು. ನೆಲ ಅಂಗೈಯಂತೆ ಸಪಾಟು. ಅದರ ದಕ್ಷಿಣದ ಅಂಚಿನಲ್ಲಿ ಮಾತ್ರ ಸಾಲಾಗಿ 8 ದಿಬ್ಬಗಳು. ಒಂದೊಂದೂ ಸುಮಾರು 6 ಮೀಟರ್ ಎತ್ತರ. ಮನೆ, ಕೊಟ್ಟಿಗೆ, ಸೈಲೇಜ್ (ಹುಳಿ ಹಿಡಿಸಿ ಕೂಡಿಟ್ಟ ಮೇವು) ಗುಡ್ಡೆ, ಟ್ರ್ಯಾಕ್ಟರ್ ಎಲ್ಲ ದಿಬ್ಬದ ಮೇಲೆ. ಹಿಂದೆ ಹೊಸ ಏರಿ, ಅದರ ಮೇಲೆ ರಸ್ತೆ. ನದಿಯ ಬದಿಯ ಹಳೇ ಏರಿಯನ್ನು ಬೇಕೆಂದೇ ತಗ್ಗಿಸಿದ್ದಾರೆ.

ಏರಿ ತಗ್ಗಿಸುವುದು ಅಂದರೆ ಡಚ್ಚರಿಗೆ ಸಣ್ಣ ಮಾತಲ್ಲ. 1953ರ ಫೆಬ್ರವರಿಯಲ್ಲಿ ಸಮುದ್ರ ಏರಿ ಒಡೆದು ಒಳಗೆ ಬಂದಾಗ ಆ ದೇಶದಲ್ಲಿ 1836 ಜನ ಸತ್ತರು. ಅಲ್ಲಿಂದ ಮುಂದೆ ಉತ್ತರ ಒಂದೇ ಆಗಿತ್ತು: ಏರಿ ಎತ್ತರಿಸು. ಅದು ಅಲುಗಾಡಿದ್ದು 1993 ಮತ್ತು 1995ರಲ್ಲಿ, ಸಮುದ್ರದಿಂದಲ್ಲ, ನದಿಗಳಿಂದ. 1995ರ ಚಳಿಗಾಲದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು. ದನ, ಹಂದಿ, ಕೋಳಿಗಳನ್ನೂ ಲಾರಿಗಳಲ್ಲಿ ಸಾಗಿಸಿದರು. ಏರಿಗಳು ಒಡೆಯಲಿಲ್ಲ. ಆದರೆ ಎಷ್ಟು ಅಂತ ಎತ್ತರಿಸುತ್ತಾ ಹೋಗುವುದು ಅನ್ನುವ ಪ್ರಶ್ನೆ ಎದ್ದಿತು. ಏರಿ ಎತ್ತರವಾದಷ್ಟೂ ಒಡೆದ ದಿನದ ಹಾನಿ ಜಾಸ್ತಿ, ಅಲ್ವಾ? ಅಲ್ಲಿಂದ ಹುಟ್ಟಿದ್ದು 'ನದಿಗೆ ಜಾಗ' ಅನ್ನುವ ಯೋಜನೆ. ಮೂವತ್ತಕ್ಕೂ ಹೆಚ್ಚು ಕಡೆ ಕೆಲಸ ಮಾಡಿ, 200 ಕೋಟಿ ಯೂರೋಗೂ ಮಿಕ್ಕಿ ಖರ್ಚು ಮಾಡಿದರು.

ಜಾಗ ಬಿಡುವುದು ಸರಿ. ಯಾರ ಜಾಗ?

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಬೀದಿಗಳು ಹೋದದ್ದನ್ನು ಕಂಡವನು ನಾನು. ಹಾಗಾಗಿ ಈ ಪ್ರಶ್ನೆ ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಓವರ್‌ಡೀಪ್‌ನಲ್ಲಿ ಸುಮಾರು 17 ರೈತ ಕುಟುಂಬಗಳಿದ್ದವು, ಹೆಚ್ಚಿನವು ಹೈನುಗಾರರು. 2000ದ ಹೊತ್ತಿಗೆ ತಮ್ಮ ಪೋಲ್ಡರ್ ನಕ್ಷೆಯಲ್ಲಿ ನೀರು ನಿಲ್ಲಿಸುವ ಜಾಗವಾಗಿದೆ ಅಂತ ಅವರಿಗೆ ಗೊತ್ತಾಯಿತು. ಅವರು ಬೀದಿಗಿಳಿಯುವ ಬದಲು ತಾವೇ ಒಂದು ಪ್ಲಾನ್ ಬರೆದರು. ಉತ್ತರದ ಫ್ರೀಸ್‌ಲ್ಯಾಂಡ್, ಖ್ರೋನಿಂಗನ್ ಕಡೆ ಏರಿಗಳ ಕಾಲಕ್ಕೂ ಮೊದಲು ಜನ ದಿಬ್ಬ ಕಟ್ಟಿ ಬದುಕಿದ್ದರು. ಆ ಹಳೇ ಉಪಾಯವನ್ನೇ ಮುಂದಿಟ್ಟರು: ನೀರು ಬರಲಿ, ನಾವು ಎತ್ತರದಲ್ಲಿರುತ್ತೇವೆ, ಹಾಲು ಕರೆಯುವುದು ನಿಲ್ಲಬಾರದು. ಲೆಕ್ಕದ ಪ್ರಕಾರ ಸರಾಸರಿ 25 ವರ್ಷಕ್ಕೊಮ್ಮೆ ನದಿ ಒಳಗೆ ಬರುತ್ತದೆ. ಆಗ ಮಾಸ್ ನದಿಯ ಮಟ್ಟ 27 ಸೆಂಟಿಮೀಟರ್ ಇಳಿಯುತ್ತದೆ. ಲಾಭ ಮೇಲ್ಗಡೆಯ ಡೆನ್ ಬಾಷ್ ಪಟ್ಟಣಕ್ಕೆ. ಕೆಳಗೆ ನೀರಿಗೆ ದಾರಿ ಸಿಕ್ಕರೆ ಮೇಲೆ ಒತ್ತುವುದಿಲ್ಲ, ಅಷ್ಟೇ.

ಎಲ್ಲರೂ ಉಳಿಯಲಿಲ್ಲ. ದಿಬ್ಬಗಳು ಎಂಟೇ. ಮಿಕ್ಕವರು ಜಮೀನು ಕೊಟ್ಟು ಬೇರೆ ಕಡೆ ಹೋದರು, ಕೆಲವರು ಕೃಷಿಯನ್ನೇ ಬಿಟ್ಟರು. ಈ ಯೋಜನೆಯನ್ನು ಹೊಗಳುವವರು ಈ ಅರ್ಧವನ್ನು ಬೇಗ ದಾಟಿಬಿಡುತ್ತಾರೆ. ಮಾತಿನಿಂದ ಮಣ್ಣಿನ ಕೆಲಸ ಮುಗಿಯುವವರೆಗೆ ಹದಿನೈದು ವರ್ಷ ಹಿಡಿಯಿತು. ಅಷ್ಟು ದಿನ ಕೊಟ್ಟಿಗೆಗೆ ಹೊಸ ಹೆಂಚು ಹಾಕಬೇಕೋ ಬೇಡವೋ ತಿಳಿಯದೆ ಕೂತಿರುವುದಿದೆಯಲ್ಲ, ಅದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲೂ ಕಾಲಂ ಇರುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ದಿಬ್ಬದ ಕೆಲಸ ಮುಗಿಯುವ ಹೊತ್ತಿಗೆ, 2015ರಲ್ಲಿ, ಯುರೋಪು ಹಾಲಿನ ಕೋಟಾ, ಅಂದರೆ ಇಷ್ಟೇ ಹಾಲು ಅನ್ನುವ ಮಿತಿ, ತೆಗೆಯಿತು. ಡಚ್ ರೈತರು ಹಸು ಹೆಚ್ಚಿಸಿದರು. ಸಗಣಿಯ ಫಾಸ್ಫೇಟ್ ಜಾಸ್ತಿಯಾಯಿತು ಅಂತ 2018ರಿಂದ ಹಸು ಸಾಕಲು ಫಾಸ್ಫೇಟ್ ಹಕ್ಕು ಅನ್ನುವ ಪರವಾನಗಿ ಬೇಕಾಯಿತು. 2019ರಲ್ಲಿ, ಸಗಣಿ-ಗಂಜಲದಿಂದಲೂ ಏಳುವ ಸಾರಜನಕಕ್ಕೆ ಕಡಿವಾಣ ಹಾಕುವ ದೊಡ್ಡ ಕೋರ್ಟ್ ತೀರ್ಪು, ಅದರ ಹಿಂದೆಯೇ ಸಿಟ್ಟಿಗೆದ್ದ ರೈತರ ಟ್ರ್ಯಾಕ್ಟರ್‌ಗಳ ಮೆರವಣಿಗೆ. ನೀರಿನ ಇಲಾಖೆ ಒಂದು ಹೇಳುತ್ತದೆ, ಬ್ರಸೆಲ್ಸ್‌ನಲ್ಲಿ ಕೂತ ಯುರೋಪ್ ಒಕ್ಕೂಟ ಒಂದು, ಪರಿಸರದವರು ಇನ್ನೊಂದು. ಹೊಲ ಮಾತ್ರ ಒಂದೇ.

"ಹೊಟ್ಟೆಗೆ ಬೇಕಲ್ಲ, ಎಲ್ಲ ನೀರಿಗೆ ಬಿಟ್ಟರೆ ಏನು ತಿನ್ನೋದು?" ಭಾವ ಕೇಳಿದ. ಇದು ಯುರೋಪಿನಲ್ಲಿ ಸುಮ್ಮನೆ ಹುಟ್ಟಿದ ಮಾತಲ್ಲ. 1944-45ರ ಹಸಿವಿನ ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಂನಂಥ ಊರುಗಳಲ್ಲಿ ಜನ ಟುಲಿಪ್ ಗಡ್ಡೆ ತಿಂದರು, ಸುಮಾರು 20,000 ಮಂದಿ ಸತ್ತರು. ಯುದ್ಧ ಮುಗಿದ ಮೇಲೆ ಕೃಷಿ ಸಚಿವನಾದ ಸಿಕ್ಕೊ ಮಾನ್ಸ್‌ಹೋಲ್ಟ್ ಸ್ವತಃ ರೈತ. ಯುರೋಪಿನ ಸಮಾನ ಕೃಷಿ ನೀತಿಯನ್ನು ಕಟ್ಟಿದವರಲ್ಲಿ ಮುಖ್ಯನೂ ಅವನೇ. 1962ರಲ್ಲಿ ಶುರುವಾದ ಆ ನೀತಿಗೆ ಇಂದಿಗೂ ಯುರೋಪ್ ಒಕ್ಕೂಟದ ಬಜೆಟ್‌ನ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. ದುಡ್ಡು ಬಹುಪಾಲು ಹೆಕ್ಟೇರ್ ಲೆಕ್ಕದಲ್ಲೇ. ಉಳುವ ನೆಲ ಜಾಸ್ತಿ ಇದ್ದಷ್ಟೂ ಚೆಕ್ ದೊಡ್ಡದು. ನೆಲವನ್ನು ನೀರಿಗೆ ಬಿಡು ಅಂತ ಒಂದು ಕೈ ಹೇಳಿದರೆ, ಬಿಡಬೇಡ ಅಂತ ಇನ್ನೊಂದು ಕೈ ಎಣಿಸಿ ಕೊಡುತ್ತದೆ.

ಆದರೆ ಈ ಪೋಲ್ಡರ್‌ನ ಮೆಕ್ಕೆಜೋಳ ಮನುಷ್ಯರು ತಿನ್ನುವುದಲ್ಲ. ಯುರೋಪು ಬಳಸುವ ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಾಣಿಗಳ ಹೊಟ್ಟೆಗೇ ಹೋಗುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ, ಆಹಾರ ಭದ್ರತೆಯ ಹೆಸರಿನಲ್ಲಿ ಬೀಳುಬಿಟ್ಟ ನೆಲವನ್ನೂ ಉಳಲು ಬ್ರಸೆಲ್ಸ್ ಬಿಟ್ಟಿತು. ಆ ಕಾಳು ಬಡವರ ತಟ್ಟೆಗೆ ಎಷ್ಟು ಮುಟ್ಟಿತೋ ಅಂತ ಕೇಳಿದವರು ಕಡಿಮೆ. ಭಾವನಿಗೆ ಇಷ್ಟು ಹೇಳಿದೆ. "ಹಾಗಾದ್ರೆ ಚೀಸ್ ಬಿಡ್ತೀಯಾ?" ಅಂದ. ಬಿಡುವುದಿಲ್ಲ ಅಂದೆ.

ಮಧ್ಯಾಹ್ನ ವೆರ್ಕೆಂಡಾಂ ಕಡೆಗೆ ಹೋಗಿ ನೋರ್ಡ್‌ವಾರ್ಡ್ ನೋಡಿದೆವು. 1421ರ ಪ್ರವಾಹದಲ್ಲಿ ಹೊಲಗಳು ಮುಳುಗಿ ಬೀಸ್‌ಬಾಷ್ ಅನ್ನುವ ಜೌಗು ನಾಡು ಹುಟ್ಟಿತು. ಅದರ ಅಂಚಿನಲ್ಲಿ ಜನ ಮತ್ತೆ ಏರಿ ಹಾಕಿ ಹೊಲ ಮಾಡಿದರು. ಈಗ ಅದನ್ನೇ ಮತ್ತೆ ನೀರಿಗೆ ತೆರೆದಿದ್ದಾರೆ. ಕಾಲುವೆಗಳ ಮೇಲೆ ಸಣ್ಣ ಸೇತುವೆಗಳು, ಬಾತುಗಳು, ದಡದಲ್ಲಿ ದನ. ಚೆಂದವಾಗಿದೆ. ಚೆಂದವಾಗಿರುವುದರಿಂದಲೇ ಇಲ್ಲಿ ಮೊದಲು ಯಾರು ಉಳುತ್ತಿದ್ದರು ಅಂತ ಯಾರಿಗೂ ತೋಚುವುದಿಲ್ಲ.

ನೈಮೇಗೆನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ವಾಲ್ ನದಿಯ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ಹೊಸ ಕವಲು ತೋಡಿದ್ದಾರೆ. ಸುಮಾರು 50 ಮನೆ ಹೋದವು. ಈಗ ಅಲ್ಲಿ ಬೇಸಿಗೆಯಲ್ಲಿ ಜನ ಈಜುತ್ತಾರೆ.

ನನಗೆ ಜಾಸ್ತಿ ಕಾಡಿದ್ದು ಬೆಲ್ಜಿಯಂ ಗಡಿಯ ಹೆಡ್ವಿಖೆ ಪೋಲ್ಡರ್. 1907ರಲ್ಲಿ ಏರಿ ಹಾಕಿ ತೆಗೆದ, ಸುಮಾರು 300 ಹೆಕ್ಟೇರ್‌ನ ಒಳ್ಳೆಯ ಉಳುಮೆ ನೆಲ. ಆಂಟ್ವರ್ಪ್ ಬಂದರಿನ ದೊಡ್ಡ ಹಡಗುಗಳಿಗಾಗಿ ಸ್ಖೆಲ್ಡೆ ನದಿಯನ್ನು ಆಳ ಮಾಡಬೇಕಿತ್ತು. ನದಿಮುಖದ ಪ್ರಕೃತಿಗೆ ಆದ ನಷ್ಟಕ್ಕೆ ಬದಲಾಗಿ ಈ ನೆಲವನ್ನು ಉಬ್ಬರಕ್ಕೆ ಬಿಡಬೇಕು ಅಂತ 2005ರಲ್ಲಿ ಒಪ್ಪಂದವಾಯಿತು. ನೀರು ಒಳಗೆ ಬಂದದ್ದು 2022ರಲ್ಲಿ. ನಡುವೆ ಸರ್ಕಾರಗಳೇ ಬದಲಾದವು, ಕೋರ್ಟು ಹತ್ತಿದರು. ಈ ಪೋಲ್ಡರ್ ಇರುವ ಝೀಲ್ಯಾಂಡ್ ಪ್ರಾಂತ್ಯದವರಿಗೆ 1953 ಇನ್ನೂ ನೆನಪಿದೆ, ಒಳ್ಳೇ ಏರಿಯನ್ನು ನಾವೇ ಒಡೆಯುವುದೇ ಅಂತ ಅವರ ಸಿಟ್ಟು. ಓವರ್‌ಡೀಪ್‌ಗಿಂತ ಚಿಕ್ಕ ಜಾಗ, ಜಗಳ ಮಾತ್ರ ದೊಡ್ಡದು. ಅಲ್ಲಿ ರೈತ ದಿಬ್ಬ ಹತ್ತಿ ಉಳಿದ. ಇಲ್ಲಿ ದಿಬ್ಬದ ಮಾತೇ ಇರಲಿಲ್ಲ. 2024ರಲ್ಲಿ ಯುರೋಪಿನ ಪ್ರಕೃತಿ ಪುನಶ್ಚೇತನ ಕಾನೂನಿಗೆ ಮತ ಹಾಕುವಾಗ, ನದಿಗೆ ಜಾಗ ಬಿಡುವುದನ್ನು ಲೋಕಕ್ಕೆ ತೋರಿಸಿದ ಈ ದೇಶವೇ ವಿರೋಧಿಸಿತು. ಹೆಡ್ವಿಖೆ ನೋಡಿದ ಮೇಲೆ ಅದು ನನಗೆ ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ.

ಹೋಗುವವರಿಗೆ: ಓವರ್‌ಡೀಪ್‌ಗೆ ಸೈಕಲ್ ಒಳ್ಳೆಯದು, ರಸ್ತೆಯಿಂದಲೇ ನೋಡಿ, ರೈತರ ಅಂಗಳಕ್ಕೆ ಕೇಳದೆ ನುಗ್ಗಬೇಡಿ. ಹೆಡ್ವಿಖೆಗೆ ಅಂಟಿಕೊಂಡು ಸಾಫ್ತಿಂಗೆ ಅನ್ನುವ ಮುಳುಗಿದ ನಾಡಿದೆ. ಅಲ್ಲಿ ಉಬ್ಬರದ ನೀರು ಬೇಗ ಏರುತ್ತದೆ. ಗೈಡ್ ಇಲ್ಲದೆ ಒಳಗೆ ಇಳಿಯಬೇಡಿ.