ಹಳೇ ಪಿಸ್ತೂಲು ಕೊಳ್ಳುವಾಗ ಮೊದಲು ನೋಡಬೇಕಾದ್ದು ಮ್ಯಾಗಜೀನ್

ಭಾರತದಲ್ಲಿ ಹಳೇ ಮಾದರಿಯ ವಿದೇಶಿ ಪಿಸ್ತೂಲು ಹುಡುಕುವವರು ಮೊದಲು ಈ ಮಾರುಕಟ್ಟೆಯ ಸ್ವಭಾವ ತಿಳಿದಿರಬೇಕು. ಸಾಮಾನ್ಯರು ಹೊರದೇಶದಿಂದ ಕೋವಿ ತರಿಸಿಕೊಳ್ಳುವ ದಾರಿ 1980ರ ದಶಕದ ನಡುವಿನಲ್ಲೇ ಬಹುಪಾಲು ಮುಚ್ಚಿತು. ಇವತ್ತು ಅಂಗಡಿಯ ಕಪಾಟಿನಲ್ಲಿರುವ ವಾಲ್ಥರ್, ಬ್ರೌನಿಂಗ್, ಕೋಲ್ಟ್, ವೆಬ್ಲಿಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದೆ ಬಂದವು. ಲೈಸೆನ್ಸುದಾರರು ತೀರಿಕೊಂಡಾಗ, ಮಕ್ಕಳಿಗೆ ಬೇಡವಾದಾಗ ಒಂದೊಂದಾಗಿ ಹೊರಬೀಳುತ್ತವೆ. ಅಮೆರಿಕದಲ್ಲಿ ಕೆಲವು ನೂರು ಡಾಲರಿಗೆ ಸಿಗುವ ವಸ್ತುವಿಗೆ ಇಲ್ಲಿ ಲಕ್ಷಗಳ ಮಾತು. ಅದರಲ್ಲಿ ಹೆಚ್ಚಿನ ಪಾಲು ಉಕ್ಕಿನ ಬೆಲೆಯಲ್ಲ, ಅಭಾವದ ಬೆಲೆ.

ಎಲ್ಲರೂ ಆಸೆಪಡುವ .45ರ 1911 ಮಾದರಿಯನ್ನು ಮರೆತುಬಿಡಿ. .45 ಮತ್ತು 9 ಎಂಎಂ ಸೇನಾ ಗುಂಡು ಹಾರಿಸುವ ಪಿಸ್ತೂಲುಗಳು ನಿಷೇಧಿತ ಬೋರಿನವು, ಅಂದರೆ ಸಾಮಾನ್ಯರಿಗೆ ಅನುಮತಿ ಇಲ್ಲದ ನಳಿಗೆ ಅಳತೆಯವು. ಉಳಿಯುವುದು ಮುಖ್ಯವಾಗಿ .32, ಅಂದರೆ ಯುರೋಪಿನವರ 7.65 ಎಂಎಂ ಬ್ರೌನಿಂಗ್. ಗುಂಡು ಪುಣೆಯ ಖಡ್ಕಿ ಕಾರ್ಖಾನೆಯಿಂದ ಬರುತ್ತದೆ. .32 ರಿವಾಲ್ವರಿನ ಗುಂಡೇ ಬೇರೆ, .32 ಪಿಸ್ತೂಲಿನದೇ ಬೇರೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಇನ್ನು ಮ್ಯಾಗಜೀನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ. ಹೆಸರಿಗೆ ಮರುಳಾಗಿ ವಾಲ್ಥರ್ ಕೊಂಡು, ಜೊತೆಗೆ ಬಂದ ಒಂದೇ ಮ್ಯಾಗಜೀನಿನ ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಬಾಗಿದ್ದರೆ ಆ ಪಿಸ್ತೂಲು ಒಂದೊಂದೇ ಗುಂಡು ತುಂಬುವ ಯಂತ್ರವಾಗುತ್ತದೆ. ಬಿಡಿಭಾಗವೂ ಕಾಯ್ದೆಯ ಕಣ್ಣಿನಲ್ಲಿ ಶಸ್ತ್ರವೇ, ಅಂಚೆಯಲ್ಲಿ ತರಿಸುವಂತಿಲ್ಲ. ಕಡಿಮೆ ಹೆಸರಿನದಾದರೂ ಎರಡು ಮೂಲ ಮ್ಯಾಗಜೀನ್ ಇರುವ ಪಿಸ್ತೂಲಿಗೇ ನನ್ನ ಮತ. ತುಟಿಗಳೆರಡೂ ಸಮಾನಾಂತರವಾಗಿವೆಯೇ, ಹಿಂಬದಿಯ ಬೆಸುಗೆಯಲ್ಲಿ ಬಿರುಕಿದೆಯೇ ನೋಡಿ. ಬ್ರೌನಿಂಗ್ 1910 ಮಾದರಿಯ ಮ್ಯಾಗಜೀನ್ 7 ಗುಂಡಿನದು, 1922 ಮಾದರಿಯದು 9 ಗುಂಡಿನದು, ಉದ್ದವೂ ಹೆಚ್ಚು. ಎರಡೂ ಒಂದೇ ಎಂದು ಹೇಳುವವರನ್ನು ನಂಬಬೇಡಿ. ವಾಲ್ಥರ್ ಪಿಪಿ ಮಾದರಿಯದು 8 ಗುಂಡಿನದು, ಪಿಪಿಕೆಯದು 7.

.32 ಗುಂಡಿನ ಬುಡದ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದಕ್ಕೆ ಸಿಕ್ಕಿಕೊಂಡರೆ ಮ್ಯಾಗಜೀನ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಬಿಟ್ಟರೂ ಬಿಡಿಸುವುದಿಲ್ಲ. ಗಿಡ್ಡ ಗುಂಡುಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅವು ಒಳಗೆ ಹಿಂದೆ ಮುಂದೆ ಜಾರುತ್ತವೆ. ತುಂಬುವಾಗ ಪ್ರತಿ ಗುಂಡಿನ ಅಂಚೂ ಕೆಳಗಿನದರ ಮುಂದೆಯೇ ಕೂತಿರುವಂತೆ ನೋಡಿಕೊಳ್ಳಬೇಕು.

ಪಿಸ್ತೂಲನ್ನು ಕೈಗೆ ತೆಗೆದುಕೊಂಡಾಗ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಕೊಠಡಿ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬಿಚ್ಚಿಸಿ. ಅಂಗಡಿಯವರು ಬಿಚ್ಚಿ ತೋರಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಕಪ್ಪು ಬಳೆಯಂಥ ಗೆರೆ ಕಂಡರೆ, ಹಿಂದೆ ಯಾವಾಗಲೋ ಗುಂಡು ಸಿಕ್ಕಿಕೊಂಡಲ್ಲೇ ಇನ್ನೊಂದು ಹಾರಿಸಿ ನಳಿಗೆ ಉಬ್ಬಿದೆ ಎಂದು ತಿಳಿಯಬೇಕು. ಅದಕ್ಕೆ ರಿಪೇರಿ ಇಲ್ಲ. ಮೂತಿ ಮೇಲೆ ಮಾಡಿ ಸ್ಲೈಡನ್ನು ಹಿಂದಕ್ಕೆಳೆದು ನಿಧಾನವಾಗಿ ಬಿಡಿ, ತಾನಾಗಿಯೇ ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಒಳಗೆ ಎಲ್ಲೋ ಉಜ್ಜುತ್ತಿದೆ. ವೆಬ್ಲಿಯಲ್ಲಿ ಈ ಸ್ಪ್ರಿಂಗ್ ಸುರುಳಿಯಲ್ಲ, ಹಿಡಿಯ ಬಲಬದಿಯೊಳಗೆ ಕೂತ ವಿ ಆಕಾರದ ಪಟ್ಟಿ. ಅದು ಮುರಿದರೆ ಹೊಸದಾಗಿ ಬಡಿದು ಮಾಡುವ ಕೈ ಸಿಗುವುದು ಕಷ್ಟ.

ವಾಲ್ಥರಿನಲ್ಲಿ ಸೇಫ್ಟಿ ಒತ್ತಿದರೆ ಎತ್ತಿದ ಕುದುರೆ (ಹ್ಯಾಮರ್) ಬೀಳುತ್ತದೆ, ಗುಂಡು ಹಾರಬಾರದು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅವಸರದಿಂದ ತಯಾರಾದವುಗಳಲ್ಲಿ, ತೀರಾ ಸವೆದವುಗಳಲ್ಲಿ ಈ ಭಾಗವನ್ನು ನಂಬುವಂತಿಲ್ಲ, ಗುಂಡು ಹಾರಿಬಿಡಬಹುದು. ಕೊಠಡಿಯಲ್ಲಿ ಗುಂಡಿಟ್ಟು ಇದನ್ನು ಪರೀಕ್ಷಿಸಲೇಬೇಡಿ. ಕೊಂಡ ಮೇಲೂ ಆ ಅಭ್ಯಾಸ ಬೇಡ.

ಹಿಡಿಯ ಪಟ್ಟಿಗಳನ್ನು ಬಿಚ್ಚಿಸಿದರೆ ಪಿಸ್ತೂಲಿನ ನಿಜ ಜಾತಕ ಕಾಣುತ್ತದೆ. ಮಲೆನಾಡಿನ ತೇವದಲ್ಲಿ, ಅಥವಾ ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿಯಾಗಿ ಎಣ್ಣೆ ಕಾಣದೆ ಬಿದ್ದಿದ್ದರೆ ತುಕ್ಕಿನ ಗುಳಿಗಳು ಅಲ್ಲೇ ಅಡಗಿರುತ್ತವೆ. ಹೊರಗೆ ಕನ್ನಡಿಯಂತೆ ಹೊಳೆದರೆ ಸಂತೋಷಪಡಬೇಡಿ. ಅಕ್ಷರಗಳ ಅಂಚು ಕರಗಿದಂತಿದ್ದರೆ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಅಕ್ಷರಗಳ ಆಳ ಒಂದೇ ಸಮ ಇಲ್ಲದಿದ್ದರೆ, ಕಾಗುಣಿತ ತಪ್ಪಿದ್ದರೆ ಅದು ವಿದೇಶಿಯೇ ಅಲ್ಲ. ಬೆಲ್ಜಿಯಂ ಮಾಲಿಗೆ ಲಿಯೇಜ್ ನಗರದ ಪರೀಕ್ಷಾ ಮುದ್ರೆ ಇರಬೇಕು: ಅಂಡಾಕಾರದೊಳಗೆ ಇಎಲ್‌ಜಿ ಅಕ್ಷರಗಳು. ಯುದ್ಧಪೂರ್ವ ವಾಲ್ಥರಿಗೆ ಕಿರೀಟದ ಕೆಳಗೆ ಎನ್, 1940ರ ನಂತರದ್ದಕ್ಕೆ ಹದ್ದಿನ ಕೆಳಗೆ ಎನ್.

ಕಾಗದದ ವಿಷಯ. ಖಾಸಗಿ ಲೈಸೆನ್ಸುದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ತಿಳಿಸಿ 45 ದಿನ ಕಳೆದಿರಬೇಕು. ಅದಕ್ಕೂ ಮೊದಲು ಪೂರ್ತಿ ಹಣ ಕೈಬಿಡಬೇಡಿ. ನಿಮ್ಮ ಲೈಸೆನ್ಸಿನಲ್ಲಿ ಪಿಸ್ತೂಲಿಗೇ ಅನುಮತಿ ಇರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಕೋವಿ, ಹಾಗಾಗಿ ಮನೆಯಲ್ಲಿ ಈಗಾಗಲೇ ಎರಡಿದ್ದರೆ ಒಂದನ್ನು ಬಿಡಲೇಬೇಕು. ಕೊನೆಗೆ ಭೂತಗನ್ನಡಿ ಹಿಡಿದು ಚೌಕಟ್ಟಿನ ಸಂಖ್ಯೆಯನ್ನು ಮಾರುವವರ ಲೈಸೆನ್ಸಿನ ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಸವೆದ 3, 8 ಆಗಿ ದಾಖಲಾಗಿರುವುದು, ಕೊನೆಯ ಅಕ್ಷರ ಬಿಟ್ಟುಹೋಗಿರುವುದು ಹಳೇ ಲೈಸೆನ್ಸುಗಳಲ್ಲಿ ಮಾಮೂಲು. ತಿದ್ದುಪಡಿಯನ್ನು ಮಾರುವವರ ಹೆಸರಿನಲ್ಲಿರುವಾಗಲೇ ಮಾಡಿಸಿಕೊಳ್ಳಿ.