ಯಾವ ಪ್ರಿಸೆಟ್ ಹಾಕ್ತೀರಾ ಅಂತ ಕೇಳುವವರಿಗೆ

ಫೋಟೋ ಎಡಿಟ್ ಮಾಡುವಾಗ ನಾನು ಯಾವ ಪ್ರಿಸೆಟ್ಟನ್ನೂ ಹಾಕುವುದಿಲ್ಲ. ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಒಂದು ಕೋಣೆಯಲ್ಲಿ ಪರದೆ ಕಟ್ಟಿ, ಒಂದು ಫ್ಲ್ಯಾಶ್, ಅದರ ಬೆಳಕನ್ನು ಮೆದು ಮಾಡುವ ಬಿಳಿ ಬಟ್ಟೆಯ ಒಂದು ಸಾಫ್ಟ್‌ಬಾಕ್ಸ್ ಇಟ್ಟುಕೊಂಡು ಪರಿಚಯದವರ ಪೋರ್ಟ್ರೇಟ್ ತೆಗೆಯುತ್ತೇನೆ. ನೋಡಿದವರು ಮೊದಲು ಕೇಳುವುದು ಪ್ರಿಸೆಟ್ಟನ್ನೇ. "ನಮಗೂ ಕಳಿಸಿ ಸರ್, ಯಾಕೆ ಬಚ್ಚಿಡ್ತೀರಾ?" ಅನ್ನುವವರೂ ಇದ್ದಾರೆ. ನನಗೆ ಸಿಟ್ಟು ಬರುತ್ತದೆ. ಲೈಟನ್ನು ಒಂದೊಂದೇ ಗೇಣು ಸರಿಸಿ ನೋಡಿದ ಕೆಲಸವೆಲ್ಲ ಒಂದು ಬಟನ್ನಿನ ಲೆಕ್ಕಕ್ಕೆ ಹೋಗುತ್ತದೆ, ಅಲ್ವಾ?

ಪ್ರಿಸೆಟ್ ಅಂದರೆ ಯಾರೋ ತಮ್ಮ ಫೋಟೋಗೆ ಮಾಡಿದ ಬದಲಾವಣೆಗಳನ್ನು ಉಳಿಸಿಟ್ಟ ಒಂದಿಷ್ಟು ಅಂಕಿ. ಅವರ ಬೆಳಕು ಬೇರೆ, ಅವರೆದುರು ಕೂತ ಮುಖ ಬೇರೆ. ಅದನ್ನು ನಿಮ್ಮ ಫೋಟೋಗೆ ಹಾಕುವುದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡ ಹಾಗೆ. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆ ಸ್ಲೈಡರ್‌ಗೆ ಸಿಗುತ್ತದೆ. ಎಷ್ಟೋ ಪ್ರಿಸೆಟ್‌ಗಳು ಆ ಕಿತ್ತಳೆಯ ಲ್ಯೂಮಿನೆನ್ಸ್ (ಬಣ್ಣದ ಬೆಳಕು) ಏರಿಸಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುತ್ತವೆ. ಬೆಳ್ಳಗಿನ ಮುಖಕ್ಕೆ ಅದು ಒಪ್ಪಬಹುದು. ನಮ್ಮ ಕಡೆಯ ಕಂದು, ಕಪ್ಪು ಮುಖಗಳು ಬೂದು ಬಣ್ಣಕ್ಕೆ ತಿರುಗುತ್ತವೆ. ಇದು ಹೊಸ ಕಾಯಿಲೆಯಲ್ಲ. ಫಿಲ್ಮ್ ಕಾಲದಲ್ಲಿ ಬಣ್ಣ ಹೊಂದಿಸಲು ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡ್ ಅನ್ನುವ ಮಾದರಿ ಫೋಟೋದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸರ ಮುಖವೇ. ಆ ಮುಖ ಸರಿ ಬಂದರೆ ಬಣ್ಣ ಸರಿ ಅಂತ ಲೆಕ್ಕ.

ಕಳೆದ ವರ್ಷ ಊರಿನ ಹುಡುಗನೊಬ್ಬ ತನ್ನ ಅಜ್ಜಿಯ ಫೋಟೋ ಕಳಿಸಿದ. "ಅಣ್ಣಾ, ಪ್ಲಾಸ್ಟಿಕ್ ಥರ ಕಾಣ್ತಿದೆ. ಯಾವ ಪ್ರಿಸೆಟ್ ಹಾಕಿದ್ರೆ ಸರಿಹೋಗತ್ತೆ?" ಆ ಅಜ್ಜಿಯನ್ನು ನಾನು ಬಲ್ಲೆ. ಹುಬ್ಬಿನ ನಡುವೆ ಒಂದು ಹಸಿರು ಹಚ್ಚೆ, ಗದ್ದದ ಮೇಲೆ ಇನ್ನೊಂದು. ಚಿಕ್ಕವಳಿದ್ದಾಗ ಊರಿಗೆ ಬಂದ ಕೊರವಂಜಿ ಹಾಕಿದ್ದು. ಫೋಟೋದಲ್ಲಿ ಎರಡೂ ಇರಲಿಲ್ಲ. ಚರ್ಮ ನುಣ್ಣಗಾಗಿತ್ತು, ಬಣ್ಣ ಬಿಳಿಚಿತ್ತು, ಹಚ್ಚೆಯನ್ನು ಆ್ಯಪ್ ಕಲೆ ಅಂತ ತಿಳಿದು ಅಳಿಸಿತ್ತು. ಮೊಮ್ಮಗನ ಗಮನಕ್ಕೇ ಬಂದಿರಲಿಲ್ಲ. ನನಗೆ ನಿಜವಾಗಲೂ ಸಂಕಟವಾಯಿತು.

ಎಡಿಟ್ ಮಾಡದ ಫೈಲ್ ತರಿಸಿಕೊಂಡೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದಿತ್ತು. ಹಣೆ, ಮೂಗು ಮಿಂಚುತ್ತಿದ್ದವು. ಹಿಂದಿನ ಗೋಡೆ ಮೇಲೆ ಗಟ್ಟಿ ನೆರಳು. ಟ್ಯೂಬ್‌ಲೈಟ್ ಬೇರೆ ಉರಿಯುತ್ತಿತ್ತು, ನೆರಳಿನ ಕಡೆ ಹಸಿರು ಛಾಯೆ. ಮಿಂಚು ಮುಚ್ಚಲು ಚರ್ಮ ಸ್ಮೂತ್ ಮಾಡಿದ್ದಾನೆ, ಹಸಿರು ಮುಚ್ಚಲು ಬಣ್ಣ ತೆಗೆದಿದ್ದಾನೆ, ಗೋಡೆಯ ನೆರಳಿಗೆ ಬ್ಲರ್ ಹಾಕಿದ್ದಾನೆ. ಎಡಿಟಿಂಗ್ ಪೂರ್ತಿ ಲೈಟಿನ ತಪ್ಪಿಗೆ ತೇಪೆ ಹಾಕುವುದರಲ್ಲೇ ಮುಗಿದಿತ್ತು.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಟ್ಯೂಬ್‌ಲೈಟ್ ಆರಿಸಿ, ಕರ್ಟನ್ ಎಳೆಯಿರಿ. ಕೋಣೆಯ ಬೆಳಕು ಕ್ಯಾಮೆರಾಗೆ ಹತ್ತದ ಹಾಗೆ ಐಎಸ್ಒ 100, ಶಟರ್ 1/160, ಎಫ್/8 ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆಯಿರಿ. ಪೂರ್ತಿ ಕಪ್ಪಗೆ ಬರಬೇಕು. ಬಂದರೆ, ಇನ್ನು ಮುಖದ ಮೇಲೆ ಬೀಳುವುದೆಲ್ಲ ನೀವಿಟ್ಟ ಬೆಳಕು ಮಾತ್ರ. ಆಮೇಲೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಸಾಫ್ಟ್‌ಬಾಕ್ಸಿಗೆ ಹಾಕಿ, ಹತ್ತಿರ ತನ್ನಿ. ಹತ್ತಿರ ತರುವುದನ್ನೇ ಯಾರೂ ಮಾಡುವುದಿಲ್ಲ! ಮೂಲೆಯಲ್ಲಿ ನಿಲ್ಲಿಸಿ "ಸಾಫ್ಟ್ ಬರ್ತಿಲ್ಲ" ಅನ್ನುತ್ತಾರೆ. ಕೂತವರ ಕಣ್ಣಿಗೆ ಬಾಕ್ಸ್ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳು ಅಷ್ಟು ಮೆದು. 3 ಅಡಿಯಲ್ಲಿ ಮೆದುವಾಗಿದ್ದ ಅದೇ ಬಾಕ್ಸ್ 8 ಅಡಿಗೆ ಹೋದರೆ ಗಡುಸು. ಇನ್ನೂ ಒಂದು ಲಾಭವಿದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬಾಕ್ಸ್ ಮುಖದ ಹತ್ತಿರವಿದ್ದು, ಕೂತವರು ಗೋಡೆಯಿಂದ 5-6 ಅಡಿ ಮುಂದಿದ್ದರೆ ಗೋಡೆ ತಾನಾಗೇ ಕತ್ತಲಾಗುತ್ತದೆ. ಬ್ಲರ್ ಯಾಕೆ ಬೇಕು?

ಬಾಕ್ಸ್ ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕಿರಲಿ. ಇನ್ನೊಂದು ಪಕ್ಕಕ್ಕೆ ಬೆಳಕು ಮರಳಿಸಲು ಬಿಳಿ ಥರ್ಮಕೋಲ್ ಶೀಟ್ ಸಾಕು. ಕಣ್ಣಿನಲ್ಲಿ ಬಾಕ್ಸಿನ ಹೊಳಪು ಕಾಣದಿದ್ದರೆ ಲೈಟ್ ತುಂಬ ಮೇಲಿದೆ. ಕಪ್ಪು ಮೈಬಣ್ಣಕ್ಕೆ ಸುಮ್ನೆ ಬೆಳಕು ಸುರಿಯಬೇಡಿ. ಪಕ್ಕದಿಂದ ಬರುವ ದೊಡ್ಡ ಬೆಳಕು ಕೆನ್ನೆಮೂಳೆಯ ಮೇಲೆ ಅಗಲವಾದ ಮೆದು ಹೊಳಪು ಬಿಡುತ್ತದೆ. ಮುಖಕ್ಕೆ ಆಕಾರ ಕೊಡುವುದು ಅದೇ. ಮೊದಲ ಫೋಟೋದಲ್ಲಿ ಗ್ರೇ ಕಾರ್ಡ್ (ಅಪ್ಪಟ ಬೂದು ಬಣ್ಣದ ರಟ್ಟು) ಹಿಡಿಸಿ, ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಸರಿದೂಗಿಸುವ ಲೆಕ್ಕ, ಅದರಿಂದ ತೆಗೆದುಕೊಳ್ಳಿ. ಅರಿಶಿನ ಹಚ್ಚಿದ ಕೆನ್ನೆಯ ಹಳದಿ ಉಳಿಯಬೇಕು, ಬೆಳಕಿನ ಹಳದಿ ಹೋಗಬೇಕು. ಕಾರ್ಡ್ ಇಲ್ಲದಿದ್ದರೆ ಯಾವುದು ಯಾವುದರದ್ದು ಅಂತ ಕಂಪ್ಯೂಟರ್ ಮುಂದೆ ಕೂತಾಗ ಗೊತ್ತಾಗುವುದಿಲ್ಲ.

ಎಡಿಟಿಂಗ್ ಬಗ್ಗೆ ಕೇಳುವುದಾದರೆ ಇದನ್ನು ಕೇಳಿ: ಈ ಮುಖದಲ್ಲಿ ಯಾವುದನ್ನು ಮುಟ್ಟಬಾರದು? ಇದುವರೆಗೆ ಒಬ್ಬರೂ ಕೇಳಿಲ್ಲ. ಮುಂದಿನ ತಿಂಗಳು ತಾನಾಗೇ ಹೋಗುವುದನ್ನು ನಾನು ಅಳಿಸುತ್ತೇನೆ: ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಶೇವಿಂಗ್ ಗಾಯ. ಮಚ್ಚೆ, ಹಳೇ ಗಾಯದ ಕಲೆ, ಹಚ್ಚೆ ಹಾಗೇ ಇರುತ್ತವೆ. ಕೂತವರೇ ಹೇಳಿದರೆ ತೆಗೆಯುತ್ತೇನೆ, ಜೊತೆಗೆ ಬಂದವರು ಹೇಳಿದರೆ ಇಲ್ಲ. ಮೈಬಣ್ಣವನ್ನು ಯಾರು ಹೇಳಿದರೂ ಬದಲಾಯಿಸುವುದಿಲ್ಲ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ಬರುತ್ತಾರಲ್ಲ, ಆಗ ಮನೆಯವರು ಹೇಳುತ್ತಾರೆ, "ಸ್ವಲ್ಪ ಬೆಳ್ಳಗೆ ಮಾಡಿಕೊಡಿ." ಹುಡುಗಿ ಅಲ್ಲೇ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಆ ಮಾತಿಗೆ ಅವಳ ಮುಖ ಸಣ್ಣದಾಗುವುದನ್ನು ನಾನು ಕ್ಯಾಮೆರಾದೊಳಗಿಂದ ನೋಡಿದ್ದೇನೆ. ಆಮೇಲೆ ಎಷ್ಟು ಒಳ್ಳೇ ಬೆಳಕು ಕೊಟ್ಟರೂ ಅವಳು ಮತ್ತೆ ಸಲೀಸಾಗಿ ನಗುವುದಿಲ್ಲ. ಹಾಗಾಗಿ ಫೋಟೋ ತೆಗೆಯುವಾಗ ಈಗ ಮನೆಯವರನ್ನು ಹೊರಗೆ ಕೂರಿಸುತ್ತೇನೆ. ಕೆಲವರು ಬೇಸರ ಮಾಡಿಕೊಂಡು ಹೋಗಿದ್ದಾರೆ. ಹೋಗಲಿ.

ಹುಡುಗ ಅಜ್ಜಿಯ ಫೋಟೋ ಮತ್ತೆ ತೆಗೆದ. ಸಾಫ್ಟ್‌ಬಾಕ್ಸ್ ಇರಲಿಲ್ಲ, ಬಾಗಿಲಿಗೆ ಬಿಳಿ ಪಂಚೆ ಕಟ್ಟಿ ಅದರ ಹಿಂದೆ ಫ್ಲ್ಯಾಶ್ ಇಟ್ಟಿದ್ದ. ಹಚ್ಚೆ ಎರಡೂ ಚೆನ್ನಾಗಿ ಬಂದಿದ್ದವು. ಎಡಗೆನ್ನೆ ಸ್ವಲ್ಪ ಜಾಸ್ತಿ ಕಪ್ಪಾಗಿತ್ತು, ಥರ್ಮಕೋಲ್ ಇನ್ನೊಂದು ಅಡಿ ಹತ್ತಿರ ತಾ ಅಂದೆ.

ನಿಮ್ಮ ಫೋಟೋ ಬಗ್ಗೆ ಕೇಳಬೇಕಿದ್ದರೆ ಎಡಿಟ್ ಮಾಡದ ಫೈಲ್ ಕಳಿಸಿ. ಲೈಟ್ ಎಲ್ಲಿ ನಿಂತಿತ್ತು ಅಂತ ಕಾಣುವ ಹಾಗೆ ಮೊಬೈಲಲ್ಲಿ ಕೋಣೆಯದೂ ಒಂದು ಫೋಟೋ ತೆಗೆದು ಜೊತೆಗೆ ಕಳಿಸಿ.